ಮೊದಲ ಸಲ ಬೆಟ್ಟ ಹತ್ತುವವರಿಗೆ ಮಲೆನಾಡಿನ ಯಾವ ದಾರಿ? ಚಾರಣದ ಗೈಡ್‌ಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ದಾವಣಗೆರೆಯಿಂದ): ನಮಸ್ಕಾರ ಅಣ್ಣ. ಹೋದ ಚಳಿಗಾಲ ಅಕ್ಕನ ಮನೆಗೆ ಅಂತ ನಾರ್ವೆಯ ಓಸ್ಲೋಗೆ ಹೋಗಿದ್ದೆ. ಅಲ್ಲಿ ಜನ ಸ್ಕೀ ಹಿಡಿದುಕೊಂಡು ಮೆಟ್ರೋ ಹತ್ತಿ ಕಾಡಿನ ಅಂಚಿನಲ್ಲಿ ಇಳಿಯುತ್ತಾರೆ. ಹಿಮದ ಮೇಲೆ ಯಂತ್ರದಿಂದ ಜೋಡಿ ಗೀರು ಎಳೆದ ದಾರಿ ಸಿದ್ಧವಾಗಿರುತ್ತೆ. ಹಸಿರು ಗುರುತಿದ್ದರೆ ಹೊಸಬರಿಗೆ, ಆಮೇಲೆ ನೀಲಿ, ಕೆಂಪು, ತೀರಾ ಪಳಗಿದವರಿಗೆ ಕಪ್ಪು. ಹಿಮವನ್ನೇ ಕಾಣದಿದ್ದ ನಾನೂ ಹಸಿರು ದಾರಿಯಲ್ಲಿ ಧೈರ್ಯವಾಗಿ ಹೋಗಿಬಂದೆ. ನಮ್ಮ ಮಲೆನಾಡಿನ ಬೆಟ್ಟಗಳಲ್ಲಿ ನಡೆಯೋಕೆ ಅಂಥ ‘ಹಸಿರು ದಾರಿ’ ಯಾವುದು? ಡಿಸೆಂಬರ್ ಕೊನೆಯ ವಾರ ಬರ್ತೀವಿ. ನಾವಿಬ್ಬರು, 9 ವರ್ಷದ ಮಗಳು, 62 ವರ್ಷದ ಅತ್ತೆ. ಯಾರೂ ಬೆಟ್ಟ ಹತ್ತಿ ಅಭ್ಯಾಸ ಇರೋರಲ್ಲ.

ಉತ್ತರ: ನಮಸ್ಕಾರ ಅಕ್ಕ. ಅಂಥ ಬಣ್ಣದ ಗುರುತು ನಮ್ಮ ಕಡೆ ಇಲ್ಲ. ಹಾಕಿದರೂ ವರ್ಷವಿಡೀ ಒಂದೇ ಬಣ್ಣ ನಿಲ್ಲೋದಿಲ್ಲ. ಜನವರಿಯಲ್ಲಿ ಹಸಿರಾಗಿದ್ದ ದಾರಿ ಆರಿದ್ರಾ ಮಳೆ ಹಿಡಿದಾಗ ಕಪ್ಪಾಗಿರುತ್ತೆ. ಅದಕ್ಕೇ ನನ್ನ ಹತ್ತಿರ ಯಾರು ‘ಯಾವ ಬೆಟ್ಟ ಸುಲಭ’ ಅಂತ ಕೇಳಿದರೂ ನಾನು ತಿರುಗಿ ‘ಯಾವ ತಿಂಗಳು ಬರ್ತೀರಿ’ ಅಂತಲೇ ಕೇಳ್ತೇನೆ. ನೀವು ಆರಿಸಿದ ಸಮಯ ಒಳ್ಳೇದು. ನವೆಂಬರ್ ಕಳೆಯೋ ಹೊತ್ತಿಗೆ ಕಲ್ಲಿನ ಮೇಲಿನ ಹಾವಸೆ ಒಣಗಿರುತ್ತೆ, ಹಳ್ಳಗಳು ಇಳಿದಿರುತ್ತವೆ, ಇಂಬಳದ (ಕಾಡಿನ ಜಿಗಣೆಯ) ಕಾಟ ಹೆಚ್ಚುಕಮ್ಮಿ ಮುಗಿದಿರುತ್ತೆ, ಬಿಸಿಲೂ ಸುಡೋದಿಲ್ಲ.

ನಿಮ್ಮ ಮನೆಮಂದಿಗೆ ನಾನು ಹೇಳೋದು ಎರಡು ದಿನ, ಎರಡು ಜಾಗ. ಮೊದಲನೇ ದಿನ ಕುಂದಾದ್ರಿ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗೋ ದಾರಿಯಲ್ಲಿ ಗುಡ್ಡೇಕೇರಿ ಹತ್ತಿರ ತಿರುಗಬೇಕು. ಮೇಲಿನ ಮೆಟ್ಟಿಲುಗಳವರೆಗೂ ವಾಹನದ ರಸ್ತೆ ಇದೆ. ಅತ್ತೆಯವರನ್ನು ಕಾರಿನಲ್ಲಿ ಮುಂದೆ ಕಳಿಸಿ, ನೀವು ಮೂವರು ರಸ್ತೆಯ ಕೊನೆಯ ಒಂದೆರಡು ಕಿಲೋಮೀಟರು ನಡೀರಿ. ಮಗಳ ಕಾಲಿನ ಶಕ್ತಿ ಎಷ್ಟು ಅಂತ ಅಲ್ಲೇ ಗೊತ್ತಾಗುತ್ತೆ. ಸುಸ್ತಾದರೆ ಕಾರಿದೆ, ಭಯವಿಲ್ಲ. ಮೇಲೆ ಒಂದೇ ಬಂಡೆಯ ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಕೊಳ. ಬೆಳಿಗ್ಗೆ ಬೇಗ ಹೋದರೆ ಕೆಳಗಿನ ಕಣಿವೆ ತುಂಬಾ ಇಬ್ಬನಿ ನಿಂತಿರೋದು ಕಾಣುತ್ತೆ. ನೂರಾರು ಸಲ ನೋಡಿದ್ದೇನೆ, ಈಗಲೂ ಅಲ್ಲಿ ಮಾತು ನಿಂತುಹೋಗುತ್ತೆ. ಬಂಡೆಯ ಅಂಚಿಗೆ ಮಾತ್ರ ಮಗುವಿನ ಕೈ ಬಿಡಬೇಡಿ.

ಎರಡನೇ ದಿನ ಕವಲೇದುರ್ಗ. ನಿಜವಾದ ಮೊದಲ ಚಾರಣ ಇದೇ. ಕೆಳದಿ ಅರಸರ ಕೋಟೆ, ಒಂದರ ಒಳಗೊಂದು ಮೂರು ಸುತ್ತು. ಗದ್ದೆ ಬದಿಯಿಂದ ಶುರುವಾಗೋ ದಾರಿಗೆ ಹಿಂದಿನವರು ಕಲ್ಲು ಹಾಸಿದ್ದಾರೆ, ದಾರಿ ತಪ್ಪೋ ಮಾತೇ ಇಲ್ಲ. ಏರು ಒಂದೇ ಸಮನೆ ಇರೋದಿಲ್ಲ. ಸ್ವಲ್ಪ ಏರಿದ ಮೇಲೆ ಒಂದು ಬಾಗಿಲು, ಅದರ ಒಳಗೆ ಕಾವಲಿನವರು ಕೂರುತ್ತಿದ್ದ ಜಗಲಿ, ಮತ್ತೆ ಸ್ವಲ್ಪ ಏರು. ಕೋಟೆ ಕಟ್ಟಿದವರು ಶತ್ರುವನ್ನು ತಡೆಯೋಕೆ ಮಾಡಿದ್ದು, ಇವತ್ತು ಹೊಸಬರಿಗೆ ಉಸಿರು ತಗೊಳ್ಳೋಕೆ ಒದಗುತ್ತೆ. ಒಳಗೆ ಗುಡಿಗಳು, ಕೊಳ, ಅರಮನೆಯ ಅಡಿಪಾಯ ಇವೆ. ಕೂತು, ನೋಡಿ, ಊಟ ಮಾಡಿ ಬರೋಕೆ ಅರ್ಧ ದಿನ ಇಟ್ಟುಕೊಳ್ಳಿ.

ಸಮಯದ ಲೆಕ್ಕಕ್ಕೆ ಒಂದು ಹಳೇ ಸೂತ್ರ ಹೇಳ್ತೇನೆ. ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನೋರು 1892ರಲ್ಲಿ ಹೇಳಿದ್ದು: ಗಂಟೆಗೆ ಸುಮಾರು 5 ಕಿ.ಮೀ. ನಡಿಗೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದವರ ಲೆಕ್ಕ. ಮಕ್ಕಳು, ಹಿರಿಯರು ಇದ್ದರೆ ನಾನು ಅದನ್ನು ದುಪ್ಪಟ್ಟು ಮಾಡ್ತೇನೆ. ಡಿಸೆಂಬರಿನಲ್ಲಿ ಆರೂವರೆಗೆಲ್ಲ ಕತ್ತಲಾಗುತ್ತೆ, ಕಾಡಿನೊಳಗೆ ಅದಕ್ಕೂ ಮೊದಲೇ.

ಪ್ರಶ್ನೆ (ಭದ್ರಾವತಿಯಿಂದ): ಅಣ್ಣಾ, ನಾವು ಐದು ಜನ ಕಾಲೇಜ್ ಫ್ರೆಂಡ್ಸ್, ಎಲ್ಲರಿಗೂ ಮೊದಲ ಟ್ರೆಕ್ಕು. ಜುಲೈನಲ್ಲಿ ಹಿಡ್ಲುಮನೆ ಫಾಲ್ಸ್ ದಾರಿಯಲ್ಲಿ ಕೊಡಚಾದ್ರಿ ಹತ್ತಬೇಕು ಅಂತಿದೀವಿ. ಮಳೆಯಲ್ಲೇ ಅದು ಚಂದ ಅಲ್ವಾ?

ಉತ್ತರ: ಚಂದ ಹೌದು ತಮ್ಮಾ. ಆದ್ರೆ ಮೊದಲ ಚಾರಣಕ್ಕೆ ಜುಲೈ ಬೇಡ, ಆ ದಾರಿಯಂತೂ ಬೇಡವೇ ಬೇಡ. ಕೊಡಚಾದ್ರಿಯ ಎತ್ತರ 1,343 ಮೀಟರ್, ನಿಮ್ಮ ವಯಸ್ಸಿಗೆ ಅದೊಂದು ದೊಡ್ಡದಲ್ಲ. ಅಪಾಯ ಇರೋದು ನೀರಲ್ಲಿ. ಹಿಡ್ಲುಮನೆಯ ದಾರಿ ಜಲಪಾತದ ಮಗ್ಗುಲಲ್ಲೇ ಬಂಡೆ ಹಿಡಿದು ಏರುತ್ತೆ. ಮಳೆಗಾಲದಲ್ಲಿ ಆ ಬಂಡೆಗೆ ಎಣ್ಣೆ ಬಳಿದ ಹಾಗೆ ಹಾವಸೆ ಕಟ್ಟಿರುತ್ತೆ.

ನನಗಾದದ್ದನ್ನೇ ಹೇಳ್ತೇನೆ. ಈ ಕೆಲಸಕ್ಕೆ ಬಂದ ಹೊಸತು, ಆಗಸ್ಟ್ ತಿಂಗಳು. ಬೆಳಿಗ್ಗೆ ಮೊಣಕಾಲು ಮಟ್ಟದ ಹಳ್ಳ ದಾಟಿಸಿ ನಾಲ್ಕು ಜನರನ್ನು ಮೇಲೆ ಕರೆದೊಯ್ದೆ. ನಾವಿದ್ದ ಕಡೆ ಸೋನೆ ಬಿಟ್ಟರೆ ಮಳೆಯೇ ಇರಲಿಲ್ಲ. ಮಧ್ಯಾಹ್ನ ಇಳಿದು ಬಂದರೆ ಅದೇ ಹಳ್ಳ ಎದೆಮಟ್ಟ, ಕೆಂಪು ನೀರು, ಒಳಗೆ ಕಲ್ಲು ಉರುಳೋ ಸದ್ದು. ಎಲ್ಲೋ ಮೇಲಿನ ಗುಡ್ಡದಲ್ಲಿ ಸುರಿದದ್ದು ನಮಗೆ ಗೊತ್ತೇ ಆಗಿರಲಿಲ್ಲ. ಒಬ್ಬರು ‘ಹಗ್ಗ ಹಿಡಿದು ದಾಟೋಣ’ ಅಂದ್ರು. ನಾನು ಒಪ್ಪಲಿಲ್ಲ. ರಾತ್ರಿ ಎಂಟರವರೆಗೆ ನೆನೆದುಕೊಂಡು ಈ ದಡದಲ್ಲೇ ಕೂತೆವು, ನೀರು ಇಳಿದ ಮೇಲೆ ದಾಟಿದೆವು. ಬೈದರು, ಆದ್ರೆ ಎಲ್ಲರೂ ಮನೆ ಸೇರಿದರು. ನೀವೂ ಯಾವತ್ತಾದರೂ ಹಾಗೆ ಸಿಕ್ಕಿಕೊಂಡರೆ ಕಾಯಿರಿ. ಕೆಂಪು ನೀರಿಗೆ ಕಾಲಿಡಬೇಡಿ.

ನಿಮ್ಮ ಗುಂಪು ನವೆಂಬರ್ ಕೊನೆಗೆ ಬನ್ನಿ. ಜೀಪಿನಲ್ಲಿ ಮೇಲೆ ಹೋಗಿ, ಅಲ್ಲಿಂದ ಸರ್ವಜ್ಞ ಪೀಠದವರೆಗೆ ನಡೀರಿ. ಹುಲ್ಲುಗಾವಲು, ಅದರ ಮಡಿಕೆಗಳಲ್ಲಿ ಬೆಳೆದ ಶೋಲಾ ಕಾಡು, ಗಾಳಿ ಎಲ್ಲ ಸಿಗುತ್ತೆ. ಮಳೆಗಾಲದ ಮಲೆನಾಡು ನೋಡಲೇಬೇಕು ಅಂದ್ರೆ ಆಗುಂಬೆಯಲ್ಲಿ ಒಂದು ಮನೆ ಹಿಡಿದು ಜಗಲಿಯಲ್ಲಿ ಕೂರಿ, ಡಾಂಬರು ರಸ್ತೆ ಬಿಡದೆ ಓಡಾಡಿ.

ಪ್ರಶ್ನೆ (ಹೆಸರು ಬೇಡ ಅಂದವರು): ನನಗೆ ಇಂಬಳ ಅಂದ್ರೆ ಮೈ ಜುಮ್ ಅನ್ನುತ್ತೆ. ಅದೊಂದೇ ಕಾರಣಕ್ಕೆ ಬೆಟ್ಟಕ್ಕೆ ಹೋಗಿಲ್ಲ. ಏನಾದರೂ ಉಪಾಯ?

ಉತ್ತರ: ಜನವರಿಯಲ್ಲಿ ಬನ್ನಿ, ಒಂದೂ ಕಾಣದೇ ಹೋಗಬಹುದು. ಕಚ್ಚಿದರೂ ನೋವಿಲ್ಲ. ಎಳೆದು ಕೀಳಬೇಡಿ, ಉಗುರಿನಿಂದ ಬಾಯಿಯ ಬದಿಗೆ ತಳ್ಳಿ, ಇಲ್ಲವೇ ಉಪ್ಪು ಹಾಕಿ, ಬಿಟ್ಟುಬಿಡುತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ರಸ ಅದರ ಬಾಯಲ್ಲಿರೋದರಿಂದ ಸ್ವಲ್ಪ ಹೊತ್ತು ಸೋರುತ್ತೆ, ಒತ್ತಿ ಹಿಡಿದರೆ ನಿಲ್ಲುತ್ತೆ. ನಮ್ಮೂರವರು ಸುಣ್ಣ, ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡು ತೋಟಕ್ಕೆ ಹೋಗ್ತಾರೆ.

ಪ್ರಶ್ನೆ (ಸಾಗರದಿಂದ): ಇಂಬಳದ ಮಾತಾಯ್ತು, ಮಂಗನ ಕಾಯಿಲೆ ಬಗ್ಗೆ ಯಾಕೆ ಯಾರೂ ಮಾತಾಡಲ್ಲ? ನೀವು ಡಿಸೆಂಬರ್, ಜನವರಿ ಒಳ್ಳೇದು ಅಂತಿದೀರಿ. ಅದೇ ಅಲ್ವಾ ಅದರ ಕಾಲ?

ಉತ್ತರ: ಸರಿಯಾಗಿ ಕೇಳಿದಿರಿ, ಮೊದಲನೇ ಉತ್ತರದಲ್ಲೇ ನಾನು ಹೇಳಬೇಕಿತ್ತು. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ರೋಗ ಅದು. ಉಣುಗು, ಅಂದ್ರೆ ರಕ್ತ ಹೀರೋ ಸಣ್ಣ ಉಣ್ಣೆಹುಳ ಕಚ್ಚಿ ಬರೋದು. ಮಳೆ ನಿಂತು ಕಾಡು ಒಣಗಿದ ಮೇಲೆ, ಅಂದ್ರೆ ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ಮರಿ ಉಣುಗು ಕಣ್ಣಿಗೆ ಬೀಳದಷ್ಟು ಸಣ್ಣದು, ಒಣಗಿ ಉದುರಿದ ದರಗೆಲೆಯಲ್ಲಿ, ಪೊದೆಯ ತುದಿಯಲ್ಲಿ ಕಾದಿರುತ್ತೆ. ದರಗು ಗುಡಿಸೋಕೆ, ಸೌದೆಗೆ ಕಾಡಿಗೆ ಹೋಗೋ ನಮ್ಮ ಜನಕ್ಕೇ ಹೆಚ್ಚು ಬರೋದು ಅದಕ್ಕೇ.

ಚಾರಣಕ್ಕೆ ಬರುವವರು ಊರಿಗೆ ಕಾಲಿಡೋ ಮೊದಲು ಅಲ್ಲಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೋ ಕೇಳಿ: ಹತ್ತಿರದಲ್ಲಿ ಮಂಗ ಸತ್ತಿದೆಯಾ, ಯಾರಿಗಾದರೂ ಜ್ವರ ಬಂದಿದೆಯಾ? ಹೌದು ಅಂದ್ರೆ ಬೇರೆ ಕಡೆ ಹೋಗಿ, ಬೇಜಾರು ಮಾಡ್ಕೋಬೇಡಿ. ತುಂಬುತೋಳು, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಉಣುಗು ಹತ್ತದ ಹಾಗೆ ತಡೆಯೋಕೆ ಆರೋಗ್ಯ ಇಲಾಖೆ ಕೊಡೋ ಡೆಪಾ ತೈಲ ಸಿಕ್ಕಿದರೆ ಕೈಕಾಲಿಗೆ ಹಚ್ಚಿ. ಕಲ್ಲಿನ ದಾರಿ ಬಿಟ್ಟು ಪೊದೆಗೆ ನುಗ್ಗಬೇಡಿ, ದರಗಿನ ಮೇಲೆ ಕೂರಬೇಡಿ. ವಾಪಸ್ ಬಂದ ಕೂಡಲೇ ಬಿಸಿನೀರಲ್ಲಿ ಉಜ್ಜಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಒಂದು ವಾರ, ಹತ್ತು ದಿನದೊಳಗೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಅಂತ ಹೇಳಲೇಬೇಕು. ದೂರದ ಊರಿನ ಡಾಕ್ಟರಿಗೆ ಅದು ಹೊಳೆಯದೇ ಹೋಗಬಹುದು.

ಪ್ರಶ್ನೆ (ದಾವಣಗೆರೆಯವರು ಮತ್ತೆ): ತುಂಬಾ ಉಪಕಾರ ಆಯ್ತು ಅಣ್ಣ. ಇನ್ನು ಮೂರು ಸಂಶಯ. ಬೂಟು ಎಂಥದ್ದು ಬೇಕು? ಪರ್ಮಿಶನ್ ಬೇಕಾ? ಅತ್ತೆಗೆ ಕವಲೇದುರ್ಗ ಪೂರ್ತಿ ಹತ್ತೋಕೆ ಆಗದಿದ್ದರೆ?

ಉತ್ತರ: ಹೊಸ ಬೂಟು ಕೊಂಡು ನೇರ ಬೆಟ್ಟಕ್ಕೆ ತರಬೇಡಿ, ಹಿಮ್ಮಡಿ ಸುಲಿಯುತ್ತೆ. ತಳದಲ್ಲಿ ಹಲ್ಲು ಸವೆಯದ, ಕಾಲಿಗೆ ಪಳಗಿದ ಶೂ ಸಾಕು. ಕುದುರೆಮುಖದಂಥ ಕಡೆಗೆ ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಬುಕಿಂಗ್ ಆಗಲೇಬೇಕು. ಅದು ಹೋಗಿಬರಲು 18–20 ಕಿ.ಮೀ., ಈ ವರ್ಷ ನಿಮಗೆ ಬೇಡ. ಗದ್ದೆ, ತೋಟದ ನಡುವೆ ಉಣುಗೋಲು (ಬೇಲಿಯ ದಾರಿಗೆ ಅಡ್ಡ ಹಾಕಿದ ಗಳ) ಸಿಕ್ಕಿದರೆ ದಾಟಿದ ಮೇಲೆ ಮತ್ತೆ ಹಾಕಿಬಿಡಿ, ಇಲ್ಲದಿದ್ದರೆ ದನ ನುಗ್ಗಿ ಅವರ ವರ್ಷದ ಬೆಳೆ ಹೋಗುತ್ತೆ.

ಅತ್ತೆಯವರಿಗೆ ಒಂದು ಕೋಲು ಕೊಡಿ, ಏರಿಗಿಂತ ಇಳಿಯುವಾಗ ಮಂಡಿಗೆ ಅದು ಬೇಕಾಗುತ್ತೆ. ಎರಡನೇ ಬಾಗಿಲಿನವರೆಗೆ ನಿಧಾನಕ್ಕೆ ಬಂದೇ ಬರ್ತಾರೆ. ಅಲ್ಲಿನ ಜಗಲಿಯಲ್ಲಿ ನೆರಳಿದೆ, ಗಾಳಿಯಿದೆ. ನಿಮ್ಮಲ್ಲೊಬ್ಬರು ಅವರ ಜೊತೆ ಕೂರಿ, ಉಳಿದವರು ಮೇಲೆ ಹೋಗಿಬಂದು ಆಮೇಲೆ ಬದಲಾಯಿಸಿಕೊಳ್ಳಿ. ಫ್ಲಾಸ್ಕಿನಲ್ಲಿ ಕಷಾಯ ತನ್ನಿ, ಅವಲಕ್ಕಿ, ಬೆಲ್ಲ, ಬಾಳೆಹಣ್ಣೂ ಇರಲಿ. ಹೊರಡೋ ಹಿಂದಿನ ದಿನ ಇಲ್ಲಿ ಒಂದು ಮಾತು ಹಾಕಿ. ಮೋಡ ಹೇಗಿದೆ, ಊರಲ್ಲಿ ಜ್ವರದ ಸುದ್ದಿ ಇದೆಯಾ ಅಂತ ಕೇಳಿ ಹೇಳ್ತೇನೆ.