ಬಸುರಿಯರು ಎಐ ಸಲಹೆಯನ್ನು ಎಲ್ಲಿಯವರೆಗೆ ನಂಬಬಹುದು?

ವಿದ್ಯಾ, ಬೆಂಗಳೂರು:
ನನಗೀಗ ಏಳು ತಿಂಗಳು. ಮೊದಲನೇ ಮಗು. ಡಾಕ್ಟರ್ ಭೇಟಿ ತಿಂಗಳಿಗೊಮ್ಮೆ. ಮಧ್ಯೆ ಏನೇ ಅನುಮಾನ ಬಂದರೂ ಫೋನಿನಲ್ಲಿ ಎಐ ಚಾಟ್‌ಬಾಟ್ ಕೇಳುತ್ತೇನೆ. ಐರನ್ ಮಾತ್ರೆ ಶುರು ಮಾಡಿದ ಮೇಲೆ ಮಲ ಕಪ್ಪಗೆ ಹೋಗುತ್ತಿತ್ತು. ಇದನ್ನೆಲ್ಲ ಡಾಕ್ಟರ್ ಹತ್ತಿರ ಕೇಳೋಕೆ ಸಂಕೋಚ. ಚಾಟ್‌ಬಾಟ್ ಮಾತ್ರ, ಐರನ್‌ನಿಂದ ಹಾಗಾಗುತ್ತದೆ, ಹೆದರಬೇಡಿ, ಕಾಫಿ-ಟೀ ಜೊತೆ ನುಂಗಬೇಡಿ, ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತಗೊಳ್ಳಿ ಎಂದಿತು. ನಾನು ಹೀಗೆ ಫೋನನ್ನು ಕೇಳುವುದು ನಮ್ಮತ್ತೆಗೆ ಸುತರಾಂ ಇಷ್ಟವಿಲ್ಲ. ನೀವೆಲ್ಲ ಏನಂತೀರಿ?

ಕಿರಣ್ ಎಂ.:
ಧೈರ್ಯವಾಗಿ ಕೇಳಿ ಮೇಡಂ. ಐರನ್ ಬಗ್ಗೆ ಅದು ಹೇಳಿದ್ದು ಸರಿಯಾಗಿಯೇ ಇದೆ. ನಮ್ಮ ಒಪಿಡಿಗಳಲ್ಲಿ ಡಾಕ್ಟರಿಗೆ ಒಬ್ಬೊಬ್ಬರ ಜೊತೆ ಎರಡು ನಿಮಿಷ ಮಾತಾಡಲೂ ಪುರುಸೊತ್ತಿರುವುದಿಲ್ಲ. ಇದು ರಾತ್ರಿ ಎರಡಕ್ಕೂ ಬೇಜಾರಿಲ್ಲದೆ ಉತ್ತರ ಕೊಡುತ್ತದೆ, ಅದೂ ಕನ್ನಡದಲ್ಲಿ. ಓದು ಬಾರದವರು ಬಾಯಲ್ಲೇ ಕೇಳಬಹುದು. ಪಕ್ಕದ ಮನೆಯವರ ಸಲಹೆಗಿಂತ ಎಷ್ಟೋ ವಾಸಿ.

ಸುಮಂಗಲಾ, ಸ್ಟಾಫ್ ನರ್ಸ್:
ಕಿರಣ್ ಅವರೇ, ಐರನ್ ಮಾತ್ರೆ ವಿಷಯ ಒಪ್ಪುತ್ತೇನೆ. ದೇಶದಲ್ಲಿ ಬಸುರಿಯರ ಪೈಕಿ ಶೇ. 52 ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಮಲ ಕಪ್ಪಾಯಿತು, ವಾಂತಿ ಬಂತು ಅಂತ ಹೇಳದೆ ಕೇಳದೆ ಮಾತ್ರೆ ಬಿಡುವವರು ಬಹಳ. ಒಂದು ಆ್ಯಪ್ ಅವರನ್ನು ಸಮಾಧಾನ ಮಾಡಿ ಮಾತ್ರೆ ನುಂಗಿಸಿದರೆ ನನಗೂ ಖುಷಿ.

ನನ್ನ ತಕರಾರು ಬೇರೆ. ನಮ್ಮ ಹೆರಿಗೆ ವಾರ್ಡಿಗೆ ಒಬ್ಬ ಹುಡುಗಿ ಬಂದಳು. ಎಂಟು ತಿಂಗಳು ತುಂಬಿತ್ತು. ಎರಡು ದಿನದಿಂದ ತಲೆನೋವು, ಎದೆಗೂಡಿನ ಕೆಳಗೆ ನೋವು. ಯಾವುದೋ ಆ್ಯಪಿಗೆ ಕೇಳಿದ್ದಳು. ನಿದ್ದೆ ಸಾಲದು, ಗ್ಯಾಸ್ಟ್ರಿಕ್ ಇರಬಹುದು, ನೀರು ಜಾಸ್ತಿ ಕುಡಿಯಿರಿ ಎಂದಿತ್ತು. ನಾವು ಬಿಪಿ ನೋಡಿದರೆ 170/110. ಮೂತ್ರದಲ್ಲಿ ಪ್ರೋಟೀನ್. ಕಣ್ಣು ಮಂಜಾಗುತ್ತಾ ಅಂತ ನಾವೇ ಕೇಳಿದ ಮೇಲೆ ಹೌದು ಎಂದಳು. ಇನ್ನೇನು ಫಿಟ್ಸ್ ಬರುವ ಸ್ಥಿತಿ. ಮ್ಯಾಗ್ನೀಶಿಯಂ ಸಲ್ಫೇಟ್ ಇಂಜೆಕ್ಷನ್ ಕೊಟ್ಟು, ಬಿಪಿ ಇಳಿಸಿ, ಹೆರಿಗೆ ಮಾಡಿಸಿದರು. ತಾಯಿ, ಮಗು ಇಬ್ಬರೂ ಉಳಿದರು.

ಅವಳ ಫೋನು ತೆಗೆದು ಆ ಮಾತುಕತೆಯನ್ನು ನಾನೇ ಓದಿದೆ. ಅವಳು "ತಲೆನೋವು" ಅಂತ ಬರೆದಿದ್ದಳು. ಆ್ಯಪ್ ಎಷ್ಟು ತಿಂಗಳು ಅಂತ ಕೇಳಿಲ್ಲ, ಬಿಪಿ ಎಷ್ಟು ಅಂತ ಕೇಳಿಲ್ಲ, ಮುಖ-ಕೈ ಊದಿದೆಯಾ ಅಂತಲೂ ಕೇಳಿಲ್ಲ. ಐದು ತಿಂಗಳು ದಾಟಿದವಳು ತಲೆನೋವು ಎಂದರೆ ನಮ್ಮ ಕೈ ಮೊದಲು ಹೋಗುವುದೇ ಬಿಪಿ ಮಿಷಿನ್ನಿಗೆ. ಎಐ ತಪ್ಪಾಗಿ ಹೆದರಿಸಿದರೆ ಒಂದು ಆಟೋ ಖರ್ಚು ಹೋಗಬಹುದು ಅಷ್ಟೆ. ತಪ್ಪಾಗಿ ಸಮಾಧಾನ ಹೇಳಿದರೆ ಜೀವ ಹೋಗುತ್ತದೆ.

ಫಾತಿಮಾ, ಶಿವಮೊಗ್ಗ:
ನನ್ನದು ಉಲ್ಟಾ ಅನುಭವ ಅಕ್ಕ. ಒಂಬತ್ತನೇ ತಿಂಗಳಲ್ಲಿ ಮಗು ಆಡುವುದು ಕಡಿಮೆಯಾಯಿತು. ಮನೆಯಲ್ಲಿ ದೊಡ್ಡವರು, ದಿನ ಹತ್ತಿರ ಬಂದಾಗ ಜಾಗ ಸಾಲದೆ ಸುಮ್ಮನಾಗುತ್ತದೆ, ಬೆಳಿಗ್ಗೆ ನೋಡೋಣ ಎಂದರು. ಚಾಟ್‌ಬಾಟ್ ಹಾಗೆ ಹೇಳಲಿಲ್ಲ. ದಿನ ತುಂಬಿದರೂ ಮಗುವಿನ ಆಟ ಕಡಿಮೆಯಾಗಬಾರದು, ಬೆಳಗಾಗುವವರೆಗೆ ಕಾಯಬೇಡಿ, ಈಗಲೇ ಹೊರಡಿ ಎಂದಿತು. ಅದನ್ನೇ ಗಂಡನಿಗೆ ತೋರಿಸಿದೆ. ನಾನು ಬಾಯಲ್ಲಿ ಹೇಳಿದ್ದರೆ ಹೊರಡುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಗುವಿನ ಸುತ್ತಲಿನ ನೀರು ಕಡಿಮೆ ಇದೆ ಅಂತ ಅವತ್ತೇ ಸಿಸೇರಿಯನ್ ಮಾಡಿದರು. ಮನೆಯಲ್ಲಿ ನಮ್ಮ ಮಾತು ನಡೆಯದಿದ್ದಾಗ ಇದೂ ಒಂದು ಆಸರೆ.

ಸುಮಂಗಲಾ, ಸ್ಟಾಫ್ ನರ್ಸ್:
ಒಳ್ಳೆಯದಾಯಿತು ಫಾತಿಮಾ. ಅದು ಹೇಳಿದ್ದು ನೂರಕ್ಕೆ ನೂರು ಸರಿ. ನಿಮ್ಮನ್ನು ಆಸ್ಪತ್ರೆಗೆ ಕಳಿಸಿತಲ್ಲ, ಆ ಕೆಲಸಕ್ಕೆ ನನ್ನ ವಿರೋಧ ಇಲ್ಲವೇ ಇಲ್ಲ.

ಅನಂತ, ಸಾರ್ವಜನಿಕ ಆರೋಗ್ಯ:
ಎಐ ಅಂದ ಕೂಡಲೇ ಎಲ್ಲರೂ ಚಾಟ್‌ಬಾಟ್ ಬಗ್ಗೆಯೇ ಮಾತಾಡುತ್ತೀರಿ. ನನಗೆ ಭರವಸೆ ಇರುವುದು ತೆರೆಮರೆಯ ಎಐ ಮೇಲೆ. ಮುಂಬೈನ ಅರ್ಮಾನ್ ಸಂಸ್ಥೆ ಬಡ ಬಸುರಿಯರಿಗೆ ಫೋನಿನಲ್ಲಿ ಧ್ವನಿ ಸಂದೇಶ ಕಳಿಸುತ್ತದೆ. ಎಂಮಿತ್ರಾ ಅಂತ ಹೆಸರು. ಆದರೆ ಬರಬರುತ್ತಾ ಎಷ್ಟೋ ಜನ ಕೇಳುವುದನ್ನೇ ಬಿಡುತ್ತಾರೆ. ಎಲ್ಲರಿಗೂ ಖುದ್ದಾಗಿ ಫೋನ್ ಮಾಡುವಷ್ಟು ಸಿಬ್ಬಂದಿ ಇಲ್ಲ. ಗೂಗಲ್ ಸಂಶೋಧಕರ ಜೊತೆ ಸೇರಿ, ಈ ವಾರ ಯಾರಿಗೆ ಫೋನ್ ಮಾಡಿದರೆ ಉಪಯೋಗ ಎಂದು ಹೇಳುವ ಎಐ ಮಾಡಿದರು. ಸುಮಾರು 23,000 ತಾಯಂದಿರ ಮೇಲೆ ಪರೀಕ್ಷಿಸಿದಾಗ ಕೇಳುವುದನ್ನು ಬಿಡುವ ಪ್ರಮಾಣ ಶೇ. 30ರಷ್ಟು ತಗ್ಗಿತು. ಇಲ್ಲಿ ತಾಯಿಯ ಜೊತೆ ಮಾತಾಡುವುದು ಮನುಷ್ಯರೇ.

ಇನ್ನೊಂದು ನೋಡಿ, ಗರ್ಭಿಣಿ-ಜಿಎ2. ಸ್ಕ್ಯಾನಿನ ಅಳತೆಯಿಂದ ಮಗುವಿಗೆ ಎಷ್ಟು ವಾರ ಎಂದು ಹೇಳುವ ಎಐ. ಮದ್ರಾಸ್ ಐಐಟಿ ಮತ್ತು ಫರೀದಾಬಾದಿನ ಟಿಎಚ್‌ಎಸ್‌ಟಿಐ ಎಂಬ ಆರೋಗ್ಯ ಸಂಶೋಧನಾ ಸಂಸ್ಥೆ 2024ರಲ್ಲಿ ಹೊರತಂದದ್ದು. ಈ ಲೆಕ್ಕಕ್ಕೆ ಮೊದಲಿನಿಂದ ಬಳಸುವ ಸೂತ್ರಗಳು ಪಾಶ್ಚಾತ್ಯ ತಾಯಂದಿರ ಮಾಹಿತಿಯಿಂದ ಬಂದವು. ಇವರು ಗುರುಗ್ರಾಮದ ಸಿವಿಲ್ ಆಸ್ಪತ್ರೆಯ ಬಸುರಿಯರ ಮಾಹಿತಿ ಇಟ್ಟುಕೊಂಡು ಮಾಡಿದ್ದಾರೆ. ನಮ್ಮಲ್ಲಿ ಮುಟ್ಟಿನ ತಾರೀಖು ನೆನಪಿಲ್ಲದೆ, ಆರು ತಿಂಗಳಿಗೆ ಮೊದಲ ಸ್ಕ್ಯಾನಿಗೆ ಬರುವವರು ಎಷ್ಟು ಜನ! ವಾರದ ಲೆಕ್ಕ ತಪ್ಪಿದರೆ ಮಗು ದಿನ ತುಂಬದೆ ಹುಟ್ಟುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ, ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬೇಕೋ ಬೇಡವೋ ಅದೂ ಗೊತ್ತಾಗುವುದಿಲ್ಲ.

ಮಂಜುನಾಥ ಕೆ.:
ಎಲ್ಲ ಸರಿ, ನಮ್ಮ ವಿವರ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳುತ್ತಿಲ್ಲವಲ್ಲ? ಫ್ಲೋ ಎಂಬ ಮುಟ್ಟು-ಗರ್ಭದ ಆ್ಯಪ್ ಹೆಂಗಸರ ಆರೋಗ್ಯದ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ನಂಥ ಕಂಪನಿಗಳಿಗೆ ಕೊಟ್ಟಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತ್ತು. 2021ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಇನ್ನೊಂದು ಭಯ ಇದೆ. ಆ್ಯಪ್ ಇದೆಯಲ್ಲ ಅಂತ ನಾಳೆ ಆಶಾ ಕಾರ್ಯಕರ್ತೆಯರನ್ನು ಕಡಿಮೆ ಮಾಡಿದರೆ? ಹಳ್ಳಿಯಲ್ಲಿ ಮನೆ ಬಾಗಿಲಿಗೆ ಬಂದು ಮುಖ ಬಾಡಿದೆ, ಕಾಲು ಊದಿದೆ ಅಂತ ಕಂಡುಹಿಡಿಯುವವರು ಅವರೇ.

ಕಿರಣ್ ಎಂ.:
ಮಾಹಿತಿ ವಿಷಯ ಗಂಭೀರವೇ. ಹೆಸರು, ರಿಪೋರ್ಟ್ ಹಾಕದೆ ಪ್ರಶ್ನೆ ಮಾತ್ರ ಕೇಳಿ ಎನ್ನುತ್ತೇನೆ. ಆದರೆ ಆಶಾ ಇಲ್ಲದ, ಅಮ್ಮ ಹತ್ತಿರವಿಲ್ಲದ ಬೆಂಗಳೂರಿನ ಫ್ಲ್ಯಾಟಿನ ಹುಡುಗಿ ಯಾರನ್ನು ಕೇಳಬೇಕು ಮಂಜಣ್ಣ? ನೀವು ಅದಕ್ಕೆ ಉತ್ತರ ಕೊಡಲಿಲ್ಲ.

ವಿದ್ಯಾ, ಬೆಂಗಳೂರು:
ಸುಮಂಗಲಾ ಅಕ್ಕ, ನಿಮ್ಮ ಮಾತು ಓದಿ ತಾಯಿ ಕಾರ್ಡ್ ತೆಗೆದು ನೋಡಿದೆ. ಎರಡು ತಿಂಗಳ ಹಿಂದೆ ಬಿಪಿ 104/66. ಆಮೇಲೆ 116/74. ಹೋದ ಸಲ 130/84. ಚಾಟ್‌ಬಾಟಿಗೆ 130/84 ಅಂತ ಹಾಕಿದರೆ ಗಾಬರಿಪಡುವಂಥದ್ದೇನಿಲ್ಲ ಎಂದಿತು.

ಸುಮಂಗಲಾ, ಸ್ಟಾಫ್ ನರ್ಸ್:
ಬಿಪಿ ಜಾಸ್ತಿ ಎನ್ನುವ ಗೆರೆ 140/90, ಅದನ್ನು ಮುಟ್ಟಿಲ್ಲ ಅಂತ ಚಾಟ್‌ಬಾಟ್ ಹಾಗೆ ಹೇಳಿದೆ. ನೀವು ಒಂದೇ ಅಂಕಿ ಕೊಟ್ಟಿರಿ, ಅದು ಹಿಂದಿನದನ್ನು ಕೇಳಲಿಲ್ಲ. ಮೂರನ್ನೂ ಸಾಲಾಗಿ ನೋಡಿದರೆ ಏರುತ್ತಾ ಬಂದಿದೆ. ಹೆದರಬೇಡಿ, ಆದರೆ ಮುಂದಿನ ತಿಂಗಳ ಭೇಟಿಗೆ ಕಾಯಲೂ ಬೇಡಿ. ನಾಳೆಯೇ ಹತ್ತಿರದ ಆಸ್ಪತ್ರೆಗೆ ಹೋಗಿ. ಐದು ನಿಮಿಷ ಸುಮ್ನೆ ಕೂತು ಆಮೇಲೆ ಬಿಪಿ ನೋಡಿಸಿ. ಮೂತ್ರ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಇವತ್ತು ರಾತ್ರಿ ತಲೆನೋವು ಜೋರಾದರೆ, ಕಣ್ಣು ಮಂಜಾದರೆ, ಹೊಟ್ಟೆ ಮೇಲ್ಭಾಗ ನೋವು ಬಂದರೆ ಫೋನಿನಲ್ಲಿ ಏನನ್ನೂ ಕೇಳುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ನಾಳೆ ಬಿಪಿ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.