‘ಜಲಜನಕದ ಮೇಲೆ ಬೆಳೆಸು’: ಇದಕ್ಕೆ ಸರಿಯಾದ ಮಾತು ಯಾವುದು?

ಗೆಳೆಯರೇ, ನಮಸ್ಕಾರ.

ಹಾಸನದಲ್ಲಿ ಬಿ.ಎಸ್ಸಿ. ಓದುವ ಮಕ್ಕಳಿಗಾಗಿ ಸೂಕ್ಷ್ಮಜೀವಿಗಳ ಪಾಠವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದೇ ಒಂದು ಕ್ರಿಯಾಪದ ವಾರದಿಂದ ಕಾಡುತ್ತಿದೆ.

ಗಾಳಿಯ ಸಾರಜನಕವನ್ನು ಹಿಡಿಯುವ ಕೆಲವು ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಬೇಕಿಲ್ಲ, ಜಲಜನಕ ಇದ್ದರೆ ಸಾಕು. ಕ್ಸಾಂಥೋಬ್ಯಾಕ್ಟರ್ ಅಂಥದ್ದು. ರಬ್ಬರ್ ಬಿರಡೆ ಬಿಗಿದ ಸೀಸೆಯಲ್ಲಿ ತಿಳಿಯಾದ ಲವಣದ ನೀರು. ಅದರ ಮೇಲಿನ ಜಾಗದಲ್ಲಿ ಸಾರಜನಕ, ಜಲಜನಕ, ಇಂಗಾಲದ ಡೈಆಕ್ಸೈಡ್, ಜೊತೆಗೆ ಸ್ವಲ್ಪವೇ ಆಮ್ಲಜನಕ. ಆಮ್ಲಜನಕ ಜಾಸ್ತಿಯಾದರೆ ಸಾರಜನಕ ಹಿಡಿಯುವ ಕಿಣ್ವ ಕೆಟ್ಟುಹೋಗುತ್ತದೆ. ಕೆಲವು ದಿನ ಕಳೆದರೆ ಆ ತಿಳಿನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗುತ್ತದೆ.

ಹೀಗೆ ಬೆಳೆಸುವುದಕ್ಕೆ ಇಂಗ್ಲಿಷಿನಲ್ಲಿ ‘grown on hydrogen’ ಅನ್ನುತ್ತಾರೆ; ಅದನ್ನೇ ಮೊದಲು ‘ಜಲಜನಕದ ಮೇಲೆ ಬೆಳೆಸಿದರು’ ಎಂದು ಬರೆದೆ. ‘ಗಾಳಿ ಮೇಲೆ ಅದು ಹೇಗೆ ಕೂರುತ್ತೆ ಸರ್?’ ಎಂದಳು ಒಬ್ಬ ಹುಡುಗಿ. ಸರಿಯಾದ ಪ್ರಶ್ನೆ. ರೊಟ್ಟಿ ಮೇಲೆ ಬೂಸ್ಟು ಬೆಳೆಯುತ್ತದೆ, ನಿಜ. ಆದರೆ ಹಸುವನ್ನು ಹುಲ್ಲಿನ ಮೇಲೆ ಸಾಕಿದೆ ಅಂತ ನಾವು ಯಾರೂ ಹೇಳಲ್ಲ, ಹುಲ್ಲು ಹಾಕಿ ಸಾಕಿದೆ ಅಂತೀವಿ ಅಲ್ವಾ?

‘ಜಲಜನಕ ತಿಂದು ಬೆಳೆಯುತ್ತದೆ’ ಎಂದು ತಿದ್ದಿದೆ. ಅದೂ ಪೂರ್ತಿ ಸರಿ ಅನ್ನಿಸಲಿಲ್ಲ. ಮೈ ಕಟ್ಟಲು ಬೇಕಾದ ಇಂಗಾಲ ಬರುವುದು ಇಂಗಾಲದ ಡೈಆಕ್ಸೈಡಿನಿಂದ. ಜಲಜನಕ ಆಮ್ಲಜನಕದೊಡನೆ ಸೇರಿ ನೀರಾಗುತ್ತದೆ, ಆಗ ಹೊರಡುವ ಶಕ್ತಿಯಲ್ಲಿ ಉಳಿದ ಕೆಲಸವೆಲ್ಲ ನಡೆಯುತ್ತದೆ. ಅಡುಗೆಮನೆಯ ಲೆಕ್ಕದಲ್ಲಿ ಅದು ಅಕ್ಕಿಯಲ್ಲ, ಸೌದೆ. (ನೀರು ಹುಟ್ಟಿಸುವ ‘ಜಲಜನಕ’ ಎಂಬ ಹೆಸರು ಇಲ್ಲಿ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ!)

ಹಾಗಾಗಿ ಈಗ ‘ಜಲಜನಕವನ್ನು ಉರುವಲಾಗಿ ಕೊಟ್ಟು ಬೆಳೆಸಿದರು’ ಎಂದು ಬರೆದಿದ್ದೇನೆ. ಬೇರುಗಂಟಿನ (ಅವರೆಯಂಥ ಗಿಡಗಳ ಬೇರಿನಲ್ಲಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳಿರುವ ಗಂಟು) ಪಾಠಕ್ಕೂ ಇದು ಹೊಂದುತ್ತದೆ. ಸಾರಜನಕವನ್ನು ಅಮೋನಿಯಾ ಮಾಡುವ ಕಿಣ್ವ ಒಂದಿಷ್ಟು ಜಲಜನಕವನ್ನೂ ಹೊರಬಿಡುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮತ್ತೆ ಎಳೆದುಕೊಂಡು ಬಳಸುತ್ತವೆ. ಒಲೆಯಿಂದ ಹೊರಗೆ ಬಿದ್ದ ಕೊಳ್ಳಿಯನ್ನು ಒಳಗೆ ತಳ್ಳಿದ ಹಾಗೆ.

ಒಂದೇ ಅಳುಕು. ಉರುವಲು ಅಂದ ತಕ್ಷಣ ಬೆಂಕಿ ಕಣ್ಣಮುಂದೆ ಬರುತ್ತದೆ, ಜೀವಕೋಶದಲ್ಲಿ ಜ್ವಾಲೆ ಇಲ್ಲ. ಲ್ಯಾಬಿನಲ್ಲೋ, ಗಾಳಿಯಲ್ಲಿ ಜಲಜನಕ ನೂರಕ್ಕೆ 4 ಪಾಲು ಸೇರಿದರೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಈ ಎರಡು ಉರಿಗಳನ್ನು ಮಕ್ಕಳು ಕಲಸಿಕೊಳ್ಳಬಾರದು. ‘ಇಂಧನ’ ಎಂದರೆ ಪೆಟ್ರೋಲ್ ಬಂಕ್ ನೆನಪಾಗುತ್ತದೆ.

ಚಿಕ್ಕಮಗಳೂರು ಕಡೆಯವರು, ಬಯಲುಸೀಮೆಯವರು ಹೇಳಿ: ಉರಿಯಿಲ್ಲದೆ ಒಳಗೊಳಗೇ ಕಾವು ಕೊಡುವುದಕ್ಕೆ ನಿಮ್ಮಲ್ಲಿ ಬೇರೆ ಮಾತು ಇದೆಯೇ?