ಸಮಸ್ಯೆ: ಕದಮಿಲ್ಲದ ಬಾಗಿಲಲ್ತೆ ಕಾವುದು ಪುರಮಂ

ಪೃಚ್ಛಕ: ಪದ್ಯದ ಕೊನೆಯ ಸಾಲು ಮೇಲಿದೆ, ಮೊದಲ ಮೂರು ಸಾಲು ನಿಮ್ಮವು. ಈ ಸಲ ಹಂಪಿಯ ತಳವಾರಘಟ್ಟದ ಬಾಗಿಲು. ಆನೆಗುಂದಿಯ ಕಡೆಯಿಂದ ತುಂಗಭದ್ರೆ ದಾಟಿದವರು ವಿಜಯನಗರದ ಕೋಟೆಯೊಳಗೆ ಕಾಲಿಡುತ್ತಿದ್ದದ್ದು ಇಲ್ಲಿಂದ. ಎರಡಂತಸ್ತಿನ ಕಟ್ಟಡ ಇನ್ನೂ ನಿಂತಿದೆ, ಕದ ಮಾತ್ರ ಇಲ್ಲ. ರಸ್ತೆ ಈಗಲೂ ಅದರ ಕೆಳಗೇ ಹಾಯುತ್ತದೆ. ನಾಲ್ಕು ನಾಲ್ಕು ಮಾತ್ರೆಯ ಗಣಗಳ ಕಂದಪದ್ಯವೇ ಬೇಕು. ಭಾಮಿನಿ ಷಟ್ಪದಿಯಲ್ಲಿ ನುಸುಳುವವರಿಗೆ ಕಳೆದ ಸಲದಂತೆ ಮಾಫಿ ಇಲ್ಲ.

ಮಂದಾನಿಲ:
ನದಿಯಿರೆ ಕಂದಕಮೆಂಬೊಲ್
ಪುದಿದಿರೆ ಬಂಡೆಗಳ ಬೆಟ್ಟಮೆತ್ತಂ ಬಲ್ಪಿಂ
ಕದನಮದೆತ್ತಣದೆಂದೀ
ಕದಮಿಲ್ಲದ ಬಾಗಿಲಲ್ತೆ ಕಾವುದು ಪುರಮಂ

ಪೃಚ್ಛಕ: ಸೊಗಸು.

ಹರಿಗೋಲು: ನನ್ನದೂ ಒಂದು.
ಕುದುರೆಗಳೀಸಲ್ ಪರದಂ
ಪದೆಪಿಂ ಪರಿಗೋಲ ಚಕ್ರಗತಿಯಿಂ ಬರ್ಪಂ
ಇದಿರ್ಗೊಳೆ ಸುಂಕಿಗನಲ್ಲೀ
ಕದಮಿಲ್ಲದ ಬಾಗಿಲಲ್ತೆ ಕಾವುದು ಪುರಮಂ
1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಬರೆದದ್ದು ಇದನ್ನೇ. ಬುಟ್ಟಿಯಂಥ ದುಂಡು ದೋಣಿ, ಒಳಗೆ ಬೆತ್ತ, ಹೊರಗೆ ತೊಗಲು, ಒಂದೊಂದರಲ್ಲಿ 15-20 ಜನ. ನೆಟ್ಟಗೆ ಹೋಗಲು ಬಾರದು, ಸುತ್ತುತ್ತಲೇ ದಾಟಬೇಕು. ಕುದುರೆ, ಎತ್ತುಗಳಿಗೆ ಬಹುಪಾಲು ಈಜೇ ಗತಿ.

ಲಘುಗುರು: ಚಕ್ರಗತಿ ದೋಣಿಗಿರಲಿ, ಮೂರನೇ ಪಾದಕ್ಕೇಕೆ ತಲೆ ಸುತ್ತು? ನಾಲ್ಕಿರಬೇಕಾದ ಕಡೆ "ಇದಿರ್ಗೊಳೆ" ಐದು ಮಾತ್ರೆ.

ಹರಿಗೋಲು: ಶಿಥಿಲ, ಸ್ವಾಮಿ. ಒತ್ತಕ್ಷರದ ಹಿಂದಿನ "ದಿ"ಯನ್ನು ಗುರು ಮಾಡದೆ ಲಘುವಾಗಿಯೇ ತೇಲಿಸಿ ಓದಿ.

ಲಘುಗುರು: ನಿಮಗೆ ಒಂದು ಮಾತ್ರೆ ಹೆಚ್ಚಾದಾಗಲೆಲ್ಲ ಶಿಥಿಲ. ಯುಗಾದಿಯ ಸಮಸ್ಯೆಯಲ್ಲಿ ನನ್ನ "ತಳಿರ್ಗಳ" ಗಣಭಂಗ ಎಂದು ಮೂರು ದಿನ ಕೂಗಾಡಿದ್ದು ಯಾರು?

ಹರಿಗೋಲು: ಅದೇ ಪದ್ಯದಲ್ಲಿ ಒಮ್ಮೆ ಗುರು, ಒಮ್ಮೆ ಲಘು ಹಿಡಿದಿದ್ದಿರಲ್ಲ, ಅದಕ್ಕೆ ಕೂಗಿದ್ದು. ನಾನು ಒಂದೇ ಕಡೆ ಬಳಸಿದ್ದೇನೆ. ಶಬ್ದಮಣಿದರ್ಪಣ ಎಂಬ ವ್ಯಾಕರಣ ಬರೆದ ಕೇಶಿರಾಜ ಒಪ್ಪಿದ್ದನ್ನು ನೀವು ಒಪ್ಪದಿದ್ದರೆ ಅವನಿಗೇನೂ ನಷ್ಟವಿಲ್ಲ.

ಲಘುಗುರು: ಕೇಶಿರಾಜನ ಬೆನ್ನ ಹಿಂದೆ ಅವಿತುಕೊಳ್ಳಬೇಡಿ. ಅವನು ಬಿಟ್ಟುಕೊಟ್ಟದ್ದು ಕಿವಿಗೆ ಒಪ್ಪುವ ಕಡೆ. ಪಾದದ ಮೊದಲ ಗಣದಲ್ಲೇ ತೇಲಿಸು ಎಂದರೆ ಓದುಗ ಮುಳುಗುತ್ತಾನೆ. ಛಂದಸ್ಸು ಹೋಗಲಿ, ಚರಿತ್ರೆಯಾದರೂ? ಕುದುರೆ ಬರುತ್ತಿದ್ದದ್ದು ಅರಬ್ಬರ ಹಡಗಿನಲ್ಲಿ, ಭಟ್ಕಳ, ಗೋವೆಗಳ ಕಡೆಯಿಂದ. ಪಡುವಣದ ಸರಕು ಬಡಗಣ ಬಾಗಿಲಿಗೆ ಈಜಿ ಬಂದಿತೆ?

ಹರಿಗೋಲು: ನನ್ನ ಪದ್ಯದಲ್ಲಿ ಕುದುರೆ ಮಾರಾಟಕ್ಕೆ ಬಂದಿದೆ ಎಂದು ಎಲ್ಲಿದೆ? ಪರದನ, ಅಂದರೆ ವರ್ತಕನ, ಸವಾರಿಯ ಕುದುರೆ ಅದು. ಪೇಸ್ ಆ ಮಾತು ಹೇಳಿದ್ದೂ ಆನೆಗುಂದಿಯ ದಾಟಿನ ಬಗ್ಗೆಯೇ.

ಬಯಲುಸೀಮೆ: ದಾಟು ಎಂದಾಗ ನೆನಪಾಯಿತು. ಹಳೇ ಸೇತುವೆಯ ಕಲ್ಲುಕಂಬಗಳು ಇವತ್ತಿಗೂ ಹೊಳೆಯಲ್ಲಿ ನಿಂತಿವೆ. ನಮ್ಮ ಕಾಲದ್ದು ಕಟ್ಟುತ್ತಿರುವಾಗಲೇ 2009ರಲ್ಲಿ ಕುಸಿಯಿತು. ಆ ಕಾಮಗಾರಿಯ ದೆಸೆಯಿಂದ ಹಂಪಿ ಅದಕ್ಕೂ ಮೊದಲೇ, 1999ರಲ್ಲಿ, ಯುನೆಸ್ಕೊದ ಅಪಾಯದ ಪಟ್ಟಿಗೆ ಸೇರಿ 2006ರ ತನಕ ಅಲ್ಲೇ ಕೂತಿತ್ತು. ಇದಕ್ಕೊಂದು ಸಮಸ್ಯೆ ಕೊಡಬಾರದೆ?

ಪೃಚ್ಛಕ: ಸೇತುವೆ ಮುಂದಿನ ಸಲ. ಈಗ ಬಾಗಿಲು.

ಮಲ್ಲಿಗೆ: ನೀವಿಬ್ಬರೂ 1565ರ ಈಚೆಗೆ ಬರುವುದೇ ಇಲ್ಲವೆ? ರಾಮರಾಯ ಬಿದ್ದು, ಊರು ಸೂರೆಹೋದ ಮೇಲೆ ಈ ಬಾಗಿಲು ಯಾವ ಪುರವನ್ನು ಕಾಯುತ್ತಿದೆ?
ಅದಟರ್ ಪೋದರ್ ಪೊನ್ ಪೋ-
ದುದು ಬೀದಿಯೆ ಪೋದುದಿನ್ನು ಕಳ್ಳರ ಭಯಮೇಂ
ಬದಿಯೊಳ್ ತೊಱೆಯೊಂದುೞಿದೀ
ಕದಮಿಲ್ಲದ ಬಾಗಿಲಲ್ತೆ ಕಾವುದು ಪುರಮಂ

ಮಂದಾನಿಲ: ಪದ ಒಡೆದರೂ ಪ್ರಾಸ ಒಡೆಯಲಿಲ್ಲ. ಭಲೆ!

ಲಘುಗುರು: ಚೆನ್ನಾಗಿದೆ. ಆದರೆ "ಇನ್ನು" ಹೊಸಗನ್ನಡದಂತೆ ಕೇಳುತ್ತದೆ.

ಮಲ್ಲಿಗೆ: ಊರು ಹಾಳಾದ ಮೇಲಿನ ಮಾತಲ್ಲವೆ ಸಾರ್, ಹೊಸಗನ್ನಡವೇ ಇರಲಿ.

ಹರಿಗೋಲು: ಅಕ್ಕ, ಅಡ್ಡಬಿದ್ದೆ!

ಲಘುಗುರು: ನಗಬೇಡಿ. ಯುಗಾದಿಯ ಪದ್ಯವನ್ನು ಇವತ್ತೇ ಮತ್ತೆ ಹಾಕುತ್ತೇನೆ. "ಇದಿರ್ಗೊಳೆ"ಗೆ ಸಿಕ್ಕ ರಿಯಾಯಿತಿ "ತಳಿರ್ಗಳ"ಕ್ಕೂ ಸಿಗಬೇಕು.

ಹರಿಗೋಲು: ಹಾಕಿ. ಎರಡು ಕಡೆಯೂ ಲಘುವೇ ಹಿಡಿದಿದ್ದರೆ ಮಾತ್ರ.